ಥಾಯ್ಲೆಂಡಿಗೆ ಇಂಗ್ಲಿಷ್ ಕಲಿಸೋಕೆ ಹೊರಟ ಸಸ್ಯಾಹಾರಿಗಳಿಗೆ: ಕುಕ್ಕರ್‌ನಿಂದ ಕ್ಯಾಂಟೀನಿನವರೆಗೆ

ದಾವಣಗೆರೆ, ಹರಿಹರ, ಚಿತ್ರದುರ್ಗ ಕಡೆಯಿಂದ ಇಂಗ್ಲಿಷ್ ಎಂ.ಎ., ಬಿ.ಎಡ್. ಮುಗಿಸಿದವರು ಇಲ್ಲಿನ ಖಾಸಗಿ ಶಾಲೆಯ ಸಂಬಳ ನೋಡಿ ನಿಟ್ಟುಸಿರು ಬಿಟ್ಟು ಥಾಯ್ಲೆಂಡಿನ ಕಡೆ ನೋಡುವುದು ಈಗೀಗ ಜಾಸ್ತಿಯಾಗಿದೆ. ಮನೆಯಲ್ಲಿ ವಿಷಯ ಹೇಳಿದ ಕೂಡಲೇ ವೀಸಾ, ಸಂಬಳ ಯಾವುದನ್ನೂ ಯಾರೂ ಕೇಳುವುದಿಲ್ಲ. "ಅಲ್ಲಿ ಏನ್ ತಿಂತೀಯೋ ತಮ್ಮಾ?" ಅನ್ನುವುದೇ ಮೊದಲ ಪ್ರಶ್ನೆ. ಪಕ್ಕದ ಮನೆಯವರು ಬಂದು ಹಾವು, ಹುಳದ ಕಥೆ ಬೇರೆ ಸೇರಿಸುತ್ತಾರೆ.

ಅಷ್ಟು ಹೆದರುವ ಅಗತ್ಯ ಇಲ್ಲ. ಹಾಗಂತ ಬುದ್ಧನ ದೇಶ, ಎಲ್ಲಾ ಕಡೆ ಸಸ್ಯಾಹಾರ ಸಿಗುತ್ತೆ ಅಂದುಕೊಂಡು ಹೊರಟರೂ ಕಷ್ಟ. ಅಲ್ಲಿ ಭಿಕ್ಷುಗಳೂ ಭಿಕ್ಷೆಗೆ ಬಂದ ಮಾಂಸ ತಿನ್ನುತ್ತಾರೆ. ನಾನು ಕಲಿಸಿದ್ದು ಇಸಾನ್ ಅನ್ನುವ ಈಶಾನ್ಯ ಭಾಗದ ಸಣ್ಣ ಊರಲ್ಲಿ. ನಾನು ನೋಡಿದ ಮಟ್ಟಿಗೆ ನಡೆಯುವ ದಾರಿ ಇಷ್ಟೇ: ಬೆಳಿಗ್ಗೆ, ರಾತ್ರಿ ಎರಡೂ ಹೊತ್ತು ನಿಮ್ಮ ಒಲೆ ಉರಿಯಬೇಕು. ಮಧ್ಯಾಹ್ನ ಏನೇ ಆಗಲಿ, ಶಾಲೆಯ ಉಳಿದ ಮೇಷ್ಟ್ರುಗಳ ಜೊತೆಗೇ ಕೂತು ಉಣ್ಣಬೇಕು. ಉಳಿದದ್ದೆಲ್ಲ ಇದರ ಸುತ್ತ ಹೊಂದಿಸಿಕೊಳ್ಳುವ ಮಾತು.

ಮೊದಲು ಕಾಗದ ಪತ್ರ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಅಲ್ಲಿ ಶಾಲಾ ವರ್ಷ ಮೇ ತಿಂಗಳ ನಡುವೆ ಶುರುವಾಗುತ್ತದೆ, ಎರಡನೇ ಅವಧಿ ನವೆಂಬರ್ ಸುಮಾರಿಗೆ. ಅದಕ್ಕೆ ಎರಡು ಮೂರು ತಿಂಗಳು ಮುಂಚೆಯೇ ಕೆಲಸ ಹುಡುಕಬೇಕು. ಪಾಸ್‌ಪೋರ್ಟ್‌ಗೆ ಬೆಂಗಳೂರಿಗೆ ಓಡಬೇಕಿಲ್ಲ, ದಾವಣಗೆರೆಯಲ್ಲೇ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಡಿಗ್ರಿಯ ಮೂಲ ಘಟಿಕೋತ್ಸವ ಪ್ರಮಾಣಪತ್ರ ಕೈಲಿರಲಿ. ದಾವಣಗೆರೆ ವಿಶ್ವವಿದ್ಯಾಲಯ ಶುರುವಾದದ್ದು 2009ರಲ್ಲಿ. ಅದಕ್ಕೂ ಮುಂಚೆ ಕುವೆಂಪು ವಿಶ್ವವಿದ್ಯಾಲಯದಡಿ ಓದಿದವರು ಅದಕ್ಕೆ ಶಂಕರಘಟ್ಟದ ದಾರಿ ಹಿಡಿಯಬೇಕು, ದಾವಣಗೆರೆ ವಿಶ್ವವಿದ್ಯಾಲಯ ಇರುವ ತೋಳಹುಣಸೆಗೆ ಹೋಗಿ ಕೇಳಿ ಉಪಯೋಗ ಇಲ್ಲ. ಪೊಲೀಸ್ ಕ್ಲಿಯರೆನ್ಸ್, ಇಂಗ್ಲಿಷ್ ಕಲಿಸುವ ಸರ್ಟಿಫಿಕೇಟ್ ಜೊತೆಗೆ ನಮ್ಮಂಥವರನ್ನು ಸಾಮಾನ್ಯವಾಗಿ ಐಇಎಲ್‌ಟಿಎಸ್ ಅಥವಾ ಟೋಯಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳುತ್ತಾರೆ. ಅಮೆರಿಕ, ಇಂಗ್ಲೆಂಡಿನವರಿಗೆ ಕೊಡುವಷ್ಟು ಸಂಬಳ ನಮಗೆ ಹೆಚ್ಚಿನ ಕಡೆ ಕೊಡುವುದಿಲ್ಲ. ಇದು ಅನ್ಯಾಯವೇ, ಆದರೆ ಗೊತ್ತಿದ್ದು ಹೋಗುವುದು ಒಳ್ಳೆಯದು ಅಲ್ವಾ?

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಟೂರಿಸ್ಟ್ ವೀಸಾದಲ್ಲಿ ಬನ್ನಿ, ಆಮೇಲೆ ನೋಡೋಣ ಅನ್ನುವ ಏಜೆಂಟನ ಮಾತಿಗೆ ಕಿವಿ ಕೊಡಬೇಡಿ. ಕಲಿಸುವ ಕೆಲಸಕ್ಕೆ ನಾನ್ ಇಮಿಗ್ರೆಂಟ್ ಬಿ ವೀಸಾ ಬೇಕು, ಅಲ್ಲಿಗೆ ಹೋದ ಮೇಲೆ ವರ್ಕ್ ಪರ್ಮಿಟ್ ಬೇಕು. ಥಾಯ್ಲೆಂಡಿನಲ್ಲಿ ಕೆಲಸ ಅಂತ ಕರೆದುಕೊಂಡು ಹೋಗಿ ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡಿಯ ಆನ್‌ಲೈನ್ ವಂಚನೆ ಅಡ್ಡೆಗಳಿಗೆ ತಳ್ಳಿದ ಪ್ರಕರಣಗಳು ನಡೆದಿವೆ, 2022ರಲ್ಲೇ ನಮ್ಮ ವಿದೇಶಾಂಗ ಇಲಾಖೆ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಶಾಲೆಯ ಹೆಸರು, ವಿಳಾಸ, ಅಲ್ಲಿನ ಒಬ್ಬ ಮೇಷ್ಟ್ರ ಜೊತೆ ವಿಡಿಯೋ ಮಾತುಕತೆ, ಇಷ್ಟಾಗದೆ ಟಿಕೆಟ್ ತೆಗೆಯಬೇಡಿ.

ನಿಮ್ಮ ಗೆರೆ ಎಲ್ಲಿದೆ ಅಂತ ಇಲ್ಲೇ ತೀರ್ಮಾನ ಮಾಡಿ

ಸಸ್ಯಾಹಾರಿ ಅಂದರೆ ನಮ್ಮೂರಲ್ಲಿ ಯಾರೂ ಮತ್ತೆ ಕೇಳುವುದಿಲ್ಲ. ಅಲ್ಲಿ ಹಾಗಲ್ಲ. ಮೊಟ್ಟೆ ನಡೆಯುತ್ತಾ? ಮಾಂಸ ಹುರಿದ ಬಾಣಲೆಯಲ್ಲೇ ತರಕಾರಿ ಹುರಿದು ಕೊಟ್ಟರೆ ನಡೆಯುತ್ತಾ? ಸಾರಿನಿಂದ ಮಾಂಸದ ತುಂಡು ತೆಗೆದು ಕೊಟ್ಟರೆ? ಮೀನಿನ ಸಾಸ್ ಎರಡು ಹನಿ ಬಿದ್ದಿದ್ದರೆ? ಈ ಪ್ರಶ್ನೆಗಳು ದಿನಾ ಎದುರಾಗುತ್ತವೆ. ಹೊಟ್ಟೆ ಹಸಿದು ನಿಂತಾಗ ಉತ್ತರ ಹುಡುಕಿದರೆ ಒಂದೊಂದು ದಿನ ಒಂದೊಂದು ಉತ್ತರ ಬರುತ್ತದೆ, ಆಮೇಲೆ ರಾತ್ರಿ ಮನಸ್ಸಿಗೆ ಕಿರಿಕಿರಿ.

ಇದರಲ್ಲಿ ಮೀನಿನ ಸಾಸೇ ದೊಡ್ಡ ತಲೆನೋವು. ನಾಮ್ ಪ್ಲಾ ಅಂತ ಹೆಸರು, ಅಲ್ಲಿ ಉಪ್ಪಿನ ಜಾಗದಲ್ಲಿ ಇರುವುದೇ ಅದು. ಕರಿಗಳಿಗೆ ಹಾಕುವ ಮಸಾಲೆಯಲ್ಲಿ ಸಿಗಡಿ ರುಬ್ಬಿದ ಕಪಿ ಇರುತ್ತದೆ. ಸೊಪ್ಪಿನ ಪಲ್ಯಕ್ಕೆ ಸಿಂಪಿಯಿಂದ ಮಾಡಿದ ಆಯ್ಸ್ಟರ್ ಸಾಸ್ ಹಾಕುತ್ತಾರೆ. ನಮ್ಮ ಕೋಸಂಬರಿಯ ಹಾಗೆ ಕಾಣುವ ಪರಂಗಿಕಾಯಿ ಸೋಮ್ ತಮ್‌ನಲ್ಲಿ ಒಣ ಸಿಗಡಿ, ಮೀನಿನ ಸಾಸ್ ಎರಡೂ ಇರುತ್ತವೆ, ಇಸಾನ್ ಕಡೆ ಅದರ ಮೇಲೆ ಪ್ಲಾ ರಾ ಅನ್ನುವ ಹುಳಿಬಂದ ಮೀನಿನ ರಸ ಬೇರೆ. ಪನೀರಿನ ಹಾಗೆ ಕಾಣುವ ತೋಫು ಅಂತ ಧೈರ್ಯವಾಗಿ ತಿನ್ನುವ ಹಾಗೂ ಇಲ್ಲ. ಪ್ಲಾಸ್ಟಿಕ್ ಕೊಳವೆಯಲ್ಲಿ ಬರುವ ತಿಳಿಹಳದಿ ಬಣ್ಣದ ಮೆತ್ತನೆ ತೋಫು ಮೊಟ್ಟೆಯಿಂದ ಮಾಡಿದ್ದು, ಚೌಕಾಕಾರದ ಬಿಳಿ ತೋಫುವೇ ಸೋಯಾದ್ದು.

ನನ್ನ ಗೆರೆ ಹೀಗಿತ್ತು: ಮಾಂಸ, ಮೀನು, ಮೊಟ್ಟೆ, ಮೀನಿನ ಸಾಸ್ ಇಲ್ಲ. ಬಾಣಲೆ ತೊಳೆದು ಮಾಡಿಕೊಟ್ಟರೆ ಸಾಕು. ಎದುರಿಗೆ ಕೂತವರು ಏನು ತಿಂದರೂ ನನ್ನದೇನೂ ತಕರಾರಿಲ್ಲ. ಕೊನೆಯದು ಆಗದು ಅನ್ನುವವರು ದಯವಿಟ್ಟು ಬೇರೆ ದೇಶ ನೋಡಿ, ಸುಮ್ನೆ ಒದ್ದಾಡಬೇಡಿ.

ಬ್ಯಾಗಿನಲ್ಲಿ ಏನಿರಲಿ

ಅಮ್ಮಂದಿರ ಕೈಗೆ ಬ್ಯಾಗ್ ಕೊಟ್ಟರೆ ಅಕ್ಕಿ ಮೂಟೆಯನ್ನೇ ತುಂಬುತ್ತಾರೆ. ಅಕ್ಕಿ ಅಲ್ಲಿ ಬೇಕಾದಷ್ಟಿದೆ. ಹುಣಸೆಹಣ್ಣು, ತೆಂಗಿನಕಾಯಿ, ಶೇಂಗಾ, ಹೆಸರುಕಾಳು, ಬೆಳ್ಳುಳ್ಳಿ, ಕೊತ್ತಂಬರಿ, ಯಾವುದನ್ನೂ ಹೊರಬೇಕಿಲ್ಲ.

ಹೊರಬೇಕಾದದ್ದು ಇವು. ತಳ ದಪ್ಪ ಇರುವ, ಇಂಡಕ್ಷನ್ ಒಲೆಗೆ ಹೊಂದುವ ಮೂರು ಲೀಟರ್ ಸ್ಟೀಲ್ ಕುಕ್ಕರ್. ಅಲ್ಯೂಮಿನಿಯಂ ಕುಕ್ಕರ್ ಬೇಡ, ಹೆಚ್ಚಿನ ರೂಮುಗಳಲ್ಲಿ ಗ್ಯಾಸ್ ಇರುವುದಿಲ್ಲ, ಇಂಡಕ್ಷನ್ ಮೇಲೆ ಅದು ಕಾಯುವುದಿಲ್ಲ. ಗ್ಯಾಸ್ಕೆಟ್ ಒಂದು, ಸೇಫ್ಟಿ ವಾಲ್ವ್ ಒಂದು ಹೆಚ್ಚುವರಿ ಇಟ್ಟುಕೊಳ್ಳಿ, ಸಣ್ಣ ಊರಲ್ಲಿ ಅದೇ ಅಳತೆಯದು ಸಿಗುವುದಿಲ್ಲ. ಸಾರಿನ ಪುಡಿ, ಇಂಗು, ಬ್ಯಾಡಗಿ ಮೆಣಸಿನಕಾಯಿ ಪುಡಿ. ಅಲ್ಲಿನ ಸಣ್ಣ ಮೆಣಸಿನಕಾಯಿ ಬೆಂಕಿ, ಬಣ್ಣಕ್ಕೆ ನಮ್ಮ ಬ್ಯಾಡಗಿಯೇ ಬೇಕು. ಶೇಂಗಾ ಚಟ್ನಿ ಪುಡಿ, ಅಗಸಿ ಪುಡಿ, ಗುರೆಳ್ಳು ಪುಡಿ, ಮೂರನ್ನೂ ಬೇರೆ ಬೇರೆ ಕಟ್ಟಿಸಿ ಮೇಲೊಂದು ಚೀಟಿ ಅಂಟಿಸಿ. ಖಡಕ್ ಜೋಳದ ರೊಟ್ಟಿ ಸ್ಟೀಲ್ ಡಬ್ಬಿಯಲ್ಲಿ ಹಾಕಿದರೆ ಪುಡಿಯಾಗದೆ ತಲುಪುತ್ತದೆ, ತೇವ ತಾಗದಿದ್ದರೆ ಬಹಳ ದಿನ ಬರುತ್ತದೆ. ಮಂಡಕ್ಕಿ ಬಿಟ್ಟು ಹೋಗು ಅಂತ ದಾವಣಗೆರೆಯವರಿಗೆ ಯಾರು ಹೇಳೋಕಾಗುತ್ತೆ? ಅದಕ್ಕೆ ತೂಕ ಇಲ್ಲ, ಜಾಗ ಜಾಸ್ತಿ. ಕುಕ್ಕರ್ ಒಳಗೆ ತುಂಬಿ ಮುಚ್ಚಳ ಹಾಕಿ.

ಹಸಿ ಕರಿಬೇವು, ಹಣ್ಣು, ಬಿತ್ತನೆ ಬೀಜ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲಿ ತೊಂದರೆ. ಗಸಗಸೆಯನ್ನೂ ಬಿಟ್ಟುಬಿಡಿ. ಸಿಂಗಪುರ, ದುಬೈಗಳಲ್ಲಿ ಅದು ನಿಷೇಧ, ಆ ದಾರಿಯಲ್ಲಿ ವಿಮಾನ ಬದಲಿಸುವವರಿಗೆ ಯಾಕೆ ಬೇಕು ಆ ರಗಳೆ.

ಹೋಗುವ ಮುಂಚೆ ಒಮ್ಮೆ ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ಇಲ್ಲಿ ಹಾಲು, ಮೊಸರು, ಮಜ್ಜಿಗೆ ದಿನಾ ಹೊಟ್ಟೆಗೆ ಹೋಗುತ್ತದೆ, ಅಲ್ಲಿನ ಅಡುಗೆಯಲ್ಲಿ ಅವಕ್ಕೆ ಜಾಗವೇ ಇಲ್ಲ. ಕಮ್ಮಿ ಇದ್ದರೆ ಡಾಕ್ಟರ್ ಹೇಳಿದ ಮಾತ್ರೆ ಜೊತೆಗಿರಲಿ.

ರೂಮು, ಒಲೆ, ಸಂತೆ

ಬಾಡಿಗೆ ರೂಮಿಗೆ ಸಾಮಾನ್ಯವಾಗಿ ಎರಡು ತಿಂಗಳ ಡೆಪಾಸಿಟ್, ಒಂದು ತಿಂಗಳ ಮುಂಗಡ ಕೇಳುತ್ತಾರೆ. ಮೊದಲ ಸಂಬಳ ತಿಂಗಳ ಕೊನೆಗೆ. ಅಲ್ಲಿಯವರೆಗಿನ ದುಡ್ಡು ಕೈಲಿರಬೇಕು. ರೂಮು ನೋಡುವಾಗ ಅಡುಗೆ ಮಾಡಬಹುದಾ ಅಂತ ಮೊದಲೇ ಕೇಳಿ, ಕೆಲವರು ಒಗ್ಗರಣೆ ವಾಸನೆ ಬೇಡ ಅನ್ನುತ್ತಾರೆ. ಬಾಲ್ಕನಿ ಇರುವ ರೂಮು ಹಿಡಿದರೆ ಒಲೆ ಹೊರಗಿಡಬಹುದು, ಅಲ್ಲಿನವರೂ ಹಾಗೇ ಮಾಡುತ್ತಾರೆ. ಕರೆಂಟು ನಮ್ಮಷ್ಟೇ, ಆದರೆ ನಮ್ಮ ಮೂರು ದಪ್ಪ ಪಿನ್ನಿನ ಪ್ಲಗ್ ಅಲ್ಲಿನ ಸಾಕೆಟ್ಟಿಗೆ ಹೋಗುವುದಿಲ್ಲ. ಅನ್ನ ಮಾಡುವ ಕರೆಂಟ್ ಪಾತ್ರೆ, ಇಂಡಕ್ಷನ್ ಒಲೆ ಎರಡನ್ನೂ ಅಲ್ಲೇ ಕೊಳ್ಳಿ.

ಅಕ್ಕಿ ವಿಷಯದಲ್ಲಿ ಒಂದು ಗುಟ್ಟು. ಪ್ರಸಿದ್ಧ ಜಾಸ್ಮಿನ್ ಅಕ್ಕಿಯ ಅನ್ನ ಮೆತ್ತಗೆ, ಸ್ವಲ್ಪ ಅಂಟು. ಅದಕ್ಕೆ ಸಾರು ಕಲೆಸಿದರೆ ಮುದ್ದೆಯಾಗುತ್ತದೆ. ಅಂಗಡಿಯಲ್ಲಿ ಸಾವ್ ಹಾಯ್ ಅಕ್ಕಿ ಕೇಳಿ. ಅದರ ಅನ್ನ ಉದುರುದುರು, ಸೋನಾ ಮಸೂರಿ ಉಂಡ ಬಾಯಿಗೆ ಹತ್ತಿರ, ಬೆಲೆಯೂ ಕಮ್ಮಿ.

ಬೆಳಗಿನ ಸಂತೆಗೆ ಹೋದರೆ ಮೊದಲ ವಾರವೇ ಅರ್ಧ ಭಯ ಹೋಗುತ್ತದೆ. ಹೀರೇಕಾಯಿ, ಅಲಸಂದೆಕಾಯಿ, ಕುಂಬಳ, ಹಾಗಲ, ನುಗ್ಗೆ, ಬಾಳೆ ಹೂವು, ಗುಂಡು ಬದನೆ ಎಲ್ಲಾ ಸಾಲಾಗಿ ಕೂತಿರುತ್ತವೆ. ತೊಂಡೆ ಬಳ್ಳಿಯ ಚಿಗುರನ್ನು ಅವರು ಸೊಪ್ಪಿನ ಹಾಗೆ ಕಟ್ಟಿ ಮಾರುತ್ತಾರೆ, ನಮ್ಮಲ್ಲಿ ಅದನ್ನು ಯಾರೂ ಕೊಳ್ಳುವುದಿಲ್ಲ. ಹೆಸರುಬೇಳೆ ಜೊತೆ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಡಿ, ಸೊಗಸಾದ ಸಾರಾಗುತ್ತದೆ. ಕೊತ್ತಂಬರಿ ಬೇರಿನ ಸಮೇತ ಬರುತ್ತದೆ. ಬೇರು ಬಿಸಾಕಬೇಡಿ, ಜಜ್ಜಿ ಒಗ್ಗರಣೆಗೆ ಹಾಕಿ ನೋಡಿ.

ತೊಗರಿಬೇಳೆ, ಉದ್ದಿನಬೇಳೆ ಸಣ್ಣ ಊರಲ್ಲಿ ಸಿಗುವುದಿಲ್ಲ. ಬ್ಯಾಂಕಾಕಿಗೆ ಹೋದಾಗ ಫಾಹುರತ್ ಬೀದಿಗೆ ಹೋಗಿ. ಅಲ್ಲಿನ ಭಾರತೀಯ ಅಂಗಡಿಗಳಲ್ಲಿ ಬೇಳೆ, ಸಾಸಿವೆ, ಕರಿಬೇವು ಎಲ್ಲಾ ಇದೆ, ಪಕ್ಕದಲ್ಲೇ ಗುರುದ್ವಾರ. ಬ್ಯಾಂಕಾಕಿಗೆ ಹೋಗಲು ಆಗದವರು ಶಾಪೀ, ಲಜಾಡಾ ಅನ್ನುವ ಆನ್‌ಲೈನ್ ಅಂಗಡಿಗಳಲ್ಲಿ ತರಿಸಬಹುದು. ಮೊಸರಿಗೆ ಹೆಪ್ಪು ಹಾಕಲು ಸಕ್ಕರೆ ಇಲ್ಲದ ಸಾದಾ ಯೋಗರ್ಟ್ ಕೊಳ್ಳಿ. ಡಬ್ಬಿಯ ಮೇಲೆ ಪ್ರಾಣಿಯ ಚರ್ಮ, ಮೂಳೆಯಿಂದ ಮಾಡುವ ಜೆಲಟಿನ್ ಹೆಸರು ಇದೆಯಾ ನೋಡಿ, ಇದ್ದರೆ ಬೇಡ. ಬೆಣ್ಣೆ ದೋಸೆಯ ಆಸೆ ಇಟ್ಟುಕೊಂಡವರಿಗೆ ಒಂದು ಬೇಸರದ ಸುದ್ದಿ: ಅಂಗಡಿ ಬೆಣ್ಣೆ ಉಪ್ಪುಪ್ಪು. ಹಿಟ್ಟೇನೋ ಆ ಸೆಕೆಗೆ ರಾತ್ರಿ ಪೂರ್ತಿ ಬಿಡುವ ಮೊದಲೇ ಹುಳಿ ಬಂದಿರುತ್ತದೆ. ದೋಸೆ ಆಗುತ್ತದೆ, ಚೆನ್ನಾಗೇ ಆಗುತ್ತದೆ, ಜಯದೇವ ಸರ್ಕಲ್ ಕಡೆ ನಿಂತು ತಿಂದ ದೋಸೆ ಮಾತ್ರ ಆಗುವುದಿಲ್ಲ.

ಹೊರಗೆ ತಿನ್ನುವಾಗ

ಮಾಂಸಕ್ಕೆ ಅಲ್ಲಿ ನುಆ ಅನ್ನುತ್ತಾರೆ, ಆದರೆ "ನುಆ ತಿನ್ನಲ್ಲ" ಅಂತ ಹೇಳಿದರೆ ದನದ ಮಾಂಸ ತಿನ್ನಲ್ಲ ಅಂತ ಹಿಡಿದು ಕೋಳಿ ಹಾಕಿ ಕೊಡುತ್ತಾರೆ. ಹೇಳಬೇಕಾದದ್ದು "ಕಿನ್ ಜೇ". ಅವರ ಚೀನೀ ಬೌದ್ಧ ಪದ್ಧತಿಯ ಕಟ್ಟುನಿಟ್ಟು ಸಸ್ಯಾಹಾರ ಅದು. ಮಾಂಸ, ಮೀನು, ಮೊಟ್ಟೆ, ಹಾಲು, ಮೀನಿನ ಸಾಸ್ ಯಾವುದೂ ಇಲ್ಲ. ಮಾತಿನ ಕೊನೆಗೆ ಗಂಡಸರು "ಖ್ರಪ್", ಹೆಂಗಸರು "ಖಾ" ಸೇರಿಸಬೇಕು, ಇಲ್ಲದಿದ್ದರೆ ಒರಟಾಗಿ ಕೇಳುತ್ತದೆ. ಜೊತೆಗೆ "ಮಾಯ್ ಸಾಯ್ ನಾಮ್ ಪ್ಲಾ" ಅಂದರೆ ಮೀನಿನ ಸಾಸ್ ಹಾಕಬೇಡಿ, "ಮಾಯ್ ಸಾಯ್ ಖಾಯ್" ಅಂದರೆ ಮೊಟ್ಟೆ ಹಾಕಬೇಡಿ. ಅವರ ಭಾಷೆಯಲ್ಲಿ ಸ್ವರ ಏರಿಳಿದರೆ ಅರ್ಥವೇ ಬದಲು. ಅದಕ್ಕೆ ಶಾಲೆಯ ಒಬ್ಬ ಟೀಚರ್ ಕೈಲಿ ಇದನ್ನೆಲ್ಲ ಥಾಯ್ ಲಿಪಿಯಲ್ಲಿ ಬರೆಸಿ ಫೋನಿನಲ್ಲಿ ಫೋಟೋ ಇಟ್ಟುಕೊಳ್ಳಿ.

ಜೇ ಅಂಗಡಿಗಳ ಮುಂದೆ ಹಳದಿ ಬಾವುಟ, ಅದರ ಮೇಲೆ ಕೆಂಪು ಅಕ್ಷರ ಇರುತ್ತದೆ. ಲಿಪಿ ಬಾರದ ಕಣ್ಣಿಗೆ ಅದು 17 ಅಂತ ಬರೆದ ಹಾಗೆ ಕಾಣುತ್ತದೆ. ಅದೇ ಗುರುತು ನೂಡಲ್ಸ್, ಬಿಸ್ಕತ್ ಪೊಟ್ಟಣದ ಮೇಲೂ ಇರುತ್ತದೆ, ಸೆವೆನ್ ಇಲೆವೆನ್ ಅಂಗಡಿಯಲ್ಲಿ ಅದನ್ನೇ ಹುಡುಕಿ. ಒಂದು ವಿಷಯ: ಜೇ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿಯೂ ಹಾಕುವುದಿಲ್ಲ. ಮಡಿ ಅಡುಗೆ ಬಲ್ಲವರಿಗೆ ಇದು ಹಬ್ಬ. ಬೆಳ್ಳುಳ್ಳಿ ಚಟ್ನಿ ಇಲ್ಲದೆ ರೊಟ್ಟಿ ಇಳಿಯದ ನಮ್ಮಂಥವರಿಗೆ ಸ್ವಲ್ಪ ಸಪ್ಪೆ. ಚಟ್ನಿ ಪುಡಿಯ ಸಣ್ಣ ಡಬ್ಬಿ ಜೇಬಿನಲ್ಲಿರಲಿ.

ಚೀನೀ ಪಂಚಾಂಗದ ಒಂಬತ್ತನೇ ತಿಂಗಳಲ್ಲಿ ಒಂಬತ್ತು ದಿನ ಜೇ ಹಬ್ಬ ಬರುತ್ತದೆ, ಫುಕೆಟ್‌ನಲ್ಲಿ ಬಲು ಜೋರು. ಎಷ್ಟೋ ವರ್ಷ ಅದು ನಮ್ಮ ನವರಾತ್ರಿಯ ದಿನಗಳಿಗೇ ಬೀಳುತ್ತದೆ, 2024ರಲ್ಲಿ ಹಾಗೇ ಆಗಿತ್ತು. ಅಧಿಕ ಮಾಸದ ಲೆಕ್ಕ ಬೇರೆಯಾದ ವರ್ಷ ತಿಂಗಳು ಹೆಚ್ಚುಕಮ್ಮಿ ಆಗುತ್ತದೆ. ಆ ದಿನಗಳಲ್ಲಿ ಊರಿಡೀ ಹಳದಿ ಬಾವುಟ, ನಿಮಗೆ ಊಟದ ಚಿಂತೆಯೇ ಇಲ್ಲ.

ಮಧ್ಯಾಹ್ನದ ಮೇಜು

ಎಲ್ಲಕ್ಕಿಂತ ಮುಖ್ಯ ಇದೇ. ಬಹಳ ಜನ ಸಸ್ಯಾಹಾರಿಗಳು ಡಬ್ಬಿ ತಂದು ಸ್ಟಾಫ್ ರೂಮಿನ ಮೂಲೆಯಲ್ಲಿ ಒಬ್ಬರೇ ಉಣ್ಣುತ್ತಾರೆ. ಹೊಟ್ಟೆ ತುಂಬುತ್ತದೆ, ಆದರೆ ಶಾಲೆ ನಿಮ್ಮದಾಗುವುದಿಲ್ಲ. ಅಲ್ಲಿ ಟೀಚರ್‌ಗಳು ಒಟ್ಟಿಗೆ ಕೂತು, ತಂದದ್ದನ್ನು ನಡುವೆ ಇಟ್ಟು, ಎಲ್ಲರೂ ಅದರಿಂದಲೇ ತೆಗೆದುಕೊಂಡು ತಿನ್ನುತ್ತಾರೆ. ರಜೆ ಯಾವತ್ತು, ಯಾವ ತರಗತಿಯಲ್ಲಿ ಏನು ಗಲಾಟೆ, ವರ್ಕ್ ಪರ್ಮಿಟ್ ಕಾಗದ ಎಲ್ಲಿ ನಿಂತಿದೆ, ಈ ಸುದ್ದಿಯೆಲ್ಲ ಹುಟ್ಟುವುದು ಆ ಮೇಜಿನಲ್ಲೇ.

ಡಬ್ಬಿ ತೆಗೆದುಕೊಂಡು ಹೋಗಿ, ಆದರೆ ಆ ಮೇಜಿಗೇ ಹೋಗಿ. ನಿಮ್ಮ ಡಬ್ಬಿಯಿಂದ ಒಂದಿಷ್ಟು ನಡುವೆ ಇಡಿ. ಇಸಾನ್ ಕಡೆ ಅಂಟು ಅನ್ನವನ್ನು ಬೆರಳಲ್ಲಿ ಉಂಡೆ ಮಾಡಿ ಖಾರಕ್ಕೆ ಅದ್ದಿ ತಿನ್ನುತ್ತಾರೆ. ನಾನು ಶೇಂಗಾ ಚಟ್ನಿ ಪುಡಿಗೆ ಸ್ವಲ್ಪ ಎಣ್ಣೆ ಕಲೆಸಿ ಇಟ್ಟ ದಿನ, ಪಕ್ಕದಲ್ಲಿ ಕೂತಿದ್ದ ಗಣಿತದ ಟೀಚರ್ ಒಂದು ಉಂಡೆ ಅದ್ದಿ ಬಾಯಿಗಿಟ್ಟು, ಕಣ್ಣು ಮುಚ್ಚಿ, ಇನ್ನೊಂದು ಅದ್ದಿ, ಆಮೇಲೆ ತಟ್ಟೆಯನ್ನೇ ತಮ್ಮ ಕಡೆ ಎಳೆದುಕೊಂಡರು. ಅವತ್ತಿನಿಂದ "ಆ ಪುಡಿ ತಂದಿದ್ದೀರಾ?" ಅನ್ನುವುದೇ ನಮಸ್ಕಾರವಾಯಿತು.

ಕ್ಯಾಂಟೀನಿನ ಅಡುಗೆಯವರನ್ನು "ಪಾ" ಅಂತ ಕರೆಯಿರಿ, ನಮ್ಮ ದೊಡ್ಡಮ್ಮ ಇದ್ದ ಹಾಗೆ. ವಯಸ್ಸಿನಲ್ಲಿ ನಿಮಗಿಂತ ಹಿರಿಯ ಸಹೋದ್ಯೋಗಿಗಳು "ಪೀ", ಕಿರಿಯರು "ನೋಂಗ್". ಸಂಬಂಧ ಹಚ್ಚಿ ಮಾತಾಡಿಸಿದರೆ ಕೆಲಸ ಆಗುವುದು ಅಲ್ಲೂ ನಮ್ಮೂರಿನ ಹಾಗೇ. ನಮ್ಮ ಪಾ ಮೊದಮೊದಲು ಸಾರಿನಿಂದ ಹಂದಿಮಾಂಸದ ತುಂಡುಗಳನ್ನು ಸೌಟಿನಲ್ಲಿ ಒಂದೊಂದೇ ಹೆಕ್ಕಿ ತೆಗೆದು, ಇನ್ನೇನೂ ಇಲ್ಲ ನೋಡಿ ಅನ್ನುವ ಮುಖದಲ್ಲಿ ಬಟ್ಟಲು ಮುಂದೆ ಹಿಡಿಯುತ್ತಿದ್ದರು. ಅಷ್ಟು ಪ್ರೀತಿಗೆ ಸಿಟ್ಟು ಮಾಡುವುದು ಹೇಗೆ? ಕೈ ಮುಗಿದು ಬೇಡ ಅನ್ನಿ, ನಗುತ್ತಾ ಅನ್ನಿ. ಬೆಳಿಗ್ಗೆ ಅಡುಗೆ ಶುರುವಾಗುವ ಮುಂಚೆ ಹೋಗಿ ಒಂದು ಹಿಡಿ ಸೊಪ್ಪು, ತೋಫು ಸೋಯಾ ಸಾಸಿನಲ್ಲಿ ಬೇರೆ ಹುರಿದುಕೊಡುತ್ತೀರಾ ಅಂತ ಕೇಳಿದರೆ ಮಾಡಿಕೊಡುತ್ತಾರೆ. ಎಲ್ಲರೂ ಸಾಲಿನಲ್ಲಿ ನಿಂತಾಗ ಕೇಳಬೇಡಿ.

ಯಾಕೆ ತಿನ್ನಲ್ಲ ಅಂತ ಕೇಳೇ ಕೇಳುತ್ತಾರೆ. ಒಂದೇ ಸಾಲಿನ ಉತ್ತರ ಇಟ್ಟುಕೊಳ್ಳಿ. "ನಮ್ಮ ಮನೆಯಲ್ಲಿ ಮೊದಲಿಂದ ಹಾಗೇ" ಅಂದರೆ ಯಾರೂ ಮುಂದೆ ಕೆದಕುವುದಿಲ್ಲ. ಪ್ರಾಣಿದಯೆಯ ಭಾಷಣ ಊಟದ ನಡುವೆ ಯಾರಿಗೂ ಇಷ್ಟವಾಗುವುದಿಲ್ಲ, ಎದುರಿಗಿದ್ದವರಿಗೆ ಮುಖಭಂಗ ಮಾಡುವುದು ಅಲ್ಲಿ ಬಹಳ ದೊಡ್ಡ ತಪ್ಪು.

ಪಾರ್ಟಿಗಳಿಗೆ ಕರೆಯುತ್ತಾರೆ. ಹೆಚ್ಚಾಗಿ ಅದು ಮೂ ಕ್ರಥಾ, ಅಂದರೆ ಮೇಜಿನ ನಡುವಿನ ಕೆಂಡದ ಮೇಲೆ ಹಂದಿಮಾಂಸ ಸುಟ್ಟುಕೊಂಡು ತಿನ್ನುವುದು. ಮನೆಯಲ್ಲಿ ಉಂಡು ಹೋಗಿ. ಹಣ್ಣು, ಸೋಡಾ ಹಿಡಿದು ಕೂತು ಹರಟಿ. ಹೋಗದೇ ಇರುವುದು ಮಾತ್ರ ಬೇಡ.

ಮಕ್ಕಳದ್ದು ಇನ್ನೊಂದು ಕಥೆ. ಶಾಲೆ ಬಿಟ್ಟ ಮೇಲೆ ಗೇಟಿನ ಹತ್ತಿರ ಕಡ್ಡಿಗೆ ಚುಚ್ಚಿದ ಮಾಂಸದ ಉಂಡೆ ಮಾರುತ್ತಾರೆ. ಎರಡನೇ ಕ್ಲಾಸಿನ ಹುಡುಗಿ ತನ್ನ ಕಡ್ಡಿಯ ಕೊನೆಯ ಉಂಡೆ "ಟೀಚರ್, ಈಟ್!" ಅಂತ ಮುಖದ ಹತ್ತಿರ ಹಿಡಿದರೆ? ಬಗ್ಗಿ, ಥ್ಯಾಂಕ್ಯೂ ಹೇಳಿ, "ಯೂ ಈಟ್, ಟೀಚರ್ ಫುಲ್" ಅಂತ ಹೊಟ್ಟೆ ಸವರಿ ತೋರಿಸಿದರೆ ಸಾಕು. ಚಾಕಲೇಟು, ಜೆಲ್ಲಿ ಕೊಟ್ಟರೆ ತೆಗೆದುಕೊಂಡು ಬ್ಯಾಗಿಗೆ ಹಾಕಿ, ಜೆಲ್ಲಿಯ ಪದಾರ್ಥಗಳ ಪಟ್ಟಿ ಅವಳ ಮುಂದೆ ಓದಬೇಡಿ.

ತರಗತಿಯೊಳಗೆ

ಬೆಳಿಗ್ಗೆ ಎಂಟಕ್ಕೆ ಬಾವುಟ ಏರಿಸುವಾಗ ಮೈದಾನದಲ್ಲಿರಬೇಕು. ಎಷ್ಟೋ ಶಾಲೆಗಳಲ್ಲಿ ತರಗತಿಯ ಹೊರಗೇ ಚಪ್ಪಲಿ ಬಿಡಬೇಕು. ಮಕ್ಕಳ ತಲೆ ಸವರಬೇಡಿ, ಕಾಲು ಯಾರ ಕಡೆಗೂ ಚಾಚಬೇಡಿ. ಕಲಿಸುವ ಹೆಂಗಸರಿಗೆ ಮೊಣಕಾಲು ಮುಚ್ಚುವ ಸ್ಕರ್ಟ್, ಬಹಳ ಶಾಲೆಗಳಲ್ಲಿ ಸೋಮವಾರ ಹಳದಿ ಬಟ್ಟೆ. ಮೇಷ್ಟ್ರಿಗೆ ಅಲ್ಲಿ "ಖ್ರೂ" ಅನ್ನುತ್ತಾರೆ, ಜೂನ್ ಸುಮಾರಿಗೆ ಒಂದು ಗುರುವಾರ ಮಕ್ಕಳು ಹೂವು ತಂದು ಗುರುವಂದನೆ ಮಾಡುತ್ತಾರೆ.

ಉಚ್ಚಾರಣೆಯ ಬಗ್ಗೆ ಹಿಂಜರಿಕೆ ಬೇಡ, ಅಮೆರಿಕದವರ ಹಾಗೆ ಮಾತಾಡಲು ಹೋಗಲೂ ಬೇಡ. ನಾವು ಬಸ್ಸು, ಪೆನ್ನು ಅಂತ ಕೊನೆಗೆ ಒಂದು ಸ್ವರ ಸೇರಿಸುತ್ತೇವೆ, ಆ ಮಕ್ಕಳು ಕೊನೆಯ ಅಕ್ಷರವನ್ನೇ ನುಂಗುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿಗೆ ಹೆದರಿ ಬೆಳೆದವರಿಗೆ ಮಗು ಎಲ್ಲಿ ತಡವರಿಸುತ್ತೆ ಅಂತ ಬೇಗ ಗೊತ್ತಾಗುತ್ತದೆ. ಪಾಠಕ್ಕೆ ಊಟವನ್ನೇ ಬಳಸಿ. "ಟೀಚರ್ ಈಟ್ ಎಗ್?" "ನೋ, ಐ ಡೋಂಟ್ ಈಟ್ ಎಗ್ಸ್." ಇಡೀ ಸಂತೆಯ ತರಕಾರಿ ಮುಗಿಯುವವರೆಗೂ ಅವರು ಪ್ರಶ್ನೆ ಕೇಳುತ್ತಲೇ ಇರುತ್ತಾರೆ, ಒಂದು ಪೀರಿಯಡ್ ಮುಗಿದದ್ದೇ ಗೊತ್ತಾಗುವುದಿಲ್ಲ.

ಊರಿಗೆ ಬರುವಾಗ

ಅಲ್ಲಿ ಹೊತ್ತು ನಮಗಿಂತ ಒಂದೂವರೆ ಗಂಟೆ ಮುಂದೆ. ರಾತ್ರಿ ಊಟ ಮುಗಿಸಿ ಫೋನ್ ಮಾಡಿದರೆ ಇಲ್ಲಿ ಅಮ್ಮ ಇನ್ನೂ ಸಂಜೆ ಕಾಫಿಯಲ್ಲಿರುತ್ತಾರೆ. ತಟ್ಟೆಯ ಫೋಟೋ ಕಳಿಸುತ್ತಿರಿ, ಅರ್ಧ ಪ್ರಶ್ನೆ ತಾನಾಗೇ ನಿಲ್ಲುತ್ತದೆ.

ಅಕ್ಟೋಬರ್ ರಜೆಗೆ ಊರಿಗೆ ಬರುವವರು ಹೊರಡುವ ಮುಂಚೆ ರೀ ಎಂಟ್ರಿ ಪರ್ಮಿಟ್ ಮಾಡಿಸಲೇಬೇಕು. ಅದಿಲ್ಲದೆ ದೇಶ ಬಿಟ್ಟರೆ ವೀಸಾ ಅಲ್ಲಿಗೇ ಮುಗಿಯಿತು, ಮತ್ತೆ ಮೊದಲಿಂದ. 90 ದಿನಕ್ಕೊಮ್ಮೆ ವಿಳಾಸ ತಿಳಿಸುವ ಕೆಲಸವನ್ನೂ ಕ್ಯಾಲೆಂಡರಿನಲ್ಲಿ ಬರೆದಿಡಿ. ಮರಳಿ ಹೋಗುವಾಗ ಬ್ಯಾಗಿನಲ್ಲಿ ಬಟ್ಟೆ ಕಮ್ಮಿ ಮಾಡಿ, ಶೇಂಗಾ ಚಟ್ನಿ ಪುಡಿ ಮಾತ್ರ ಎರಡು ಪಟ್ಟು ಇರಲಿ. ಒಂದು ಪಾಲು ನಿಮಗೆ, ಇನ್ನೊಂದು ಮೇಜಿನವರಿಗೆ.